ತಾಯಿಗಡಿಗೆಗೆ ಚರಗ

ಕಾಳು ಬೇಡ, ಹಿಂಡಿ ಬೇಡ, ಹಸಿ ಮೇವೂ ಬೇಡ. ಒಣ ಕಟ್ಟಿಗೆ ಹಾಕಿದರೆ ಸಾಕು, ಹಾಲಿನ ಬದಲು ಎಣ್ಣೆ ಕರೆಯುತ್ತದೆ. ಅಂಥ ಆಕಳೊಂದು ಊರಿಗೆ ಬಂದರೆ ಹೇಗಿದ್ದೀತು? ಸೂಡಿಕೊಪ್ಪದವರಿಗೆ ಇದು ಬರೀ ಕತೆಯಾಗಿರಲಿಲ್ಲ. ಆ ಆಕಳು ಅವರ ಊರ ಹೊರಗೆ, ತಗಡಿನ ಷೆಡ್ಡಿನಲ್ಲಿ, ಹಗಲೂ ರಾತ್ರಿ ಮೆಲುಕು ಹಾಕುತ್ತಿತ್ತು. ಅದಕ್ಕೆ ಕೋಡಿಲ್ಲ, ಕಾಲಿಲ್ಲ. ಇದ್ದದ್ದು ಆರು ದೊಡ್ಡ ಟಾಕಿಗಳು, ಮತ್ತು ಆ ಆರಕ್ಕೂ ತಾಯಿಯಾಗಿ ಒಂದು ಗಡಿಗೆ.

ಗಡಿಗೆ ಎಂದರೆ ಮಣ್ಣಿನದಲ್ಲ, ಸ್ಟೀಲಿನದು. ಮದುವೆಮನೆಯ ಹಂಡೆಯಷ್ಟು ಗಾತ್ರ. ಗೆದ್ದಲಿನ ಹೊಟ್ಟೆಯೊಳಗೆ ಬದುಕುವ ಜೀವಾಣುಗಳನ್ನು ಪ್ರಯೋಗಶಾಲೆಯಲ್ಲಿ ಸಾಕಿ, ಪಳಗಿಸಿ, ಅದರಲ್ಲಿ ಇಟ್ಟಿದ್ದರು. ಗೆದ್ದಲು ನಮ್ಮ ಬಾಗಿಲ ಚೌಕಟ್ಟನ್ನು ತಿಂದು ಅರಗಿಸಿಕೊಳ್ಳುವುದು ತನ್ನ ಬಲದಿಂದಲ್ಲ, ಹೊಟ್ಟೆಯೊಳಗಿನ ಈ ಬಾಡಿಗೆದಾರರ ಬಲದಿಂದ. ಅವು ಒಂದು ರಸ ಕಾರುತ್ತವೆ. ರಸ ಬಿದ್ದಲ್ಲಿ ಕಟ್ಟಿಗೆಯ ಗಟ್ಟಿ ನಾರು ಬಿಚ್ಚಿಕೊಂಡು ಸಕ್ಕರೆಯಾಗುತ್ತದೆ. ಆ ಸಕ್ಕರೆ ತಿಂದು ಎಣ್ಣೆ ಬಿಡುತ್ತವೆ. ದಿನಾ ಬೆಳಗ್ಗೆ ತಾಯಿಗಡಿಗೆಯಿಂದ ಒಂದೊಂದು ಕೊಡ ತೆಗೆದು ಆರೂ ಟಾಕಿಗೆ ಸುರಿಯಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಟಾಕಿಯಲ್ಲಿ ನುಚ್ಚು ಮಾಡಿದ ಹತ್ತಿಕಟ್ಟಿಗೆ ನೆನೆದಿರುತ್ತದೆ. ಎಣ್ಣೆ ಮೇಲೆ ತೇಲುತ್ತದೆ, ಟ್ಯಾಂಕರ್ ಬಂದು ಒಯ್ಯುತ್ತದೆ, ಎಲ್ಲೋ ಒಂದು ವಿಮಾನ ಮೇಲೇಳುತ್ತದೆ.

ಈ ಜೀವಗಳಿಗೆ ಇದ್ದದ್ದು ಒಂದೇ ಕೆಟ್ಟ ಚಾಳಿ. ಬೆಂದ ಗಂಜಿ, ರೊಟ್ಟಿ, ಅನ್ನ ಏನಾದರೂ ನಾಲಿಗೆಗೆ ತಾಗಿತೋ, ರಸ ಕಾರುವ ಕೆಲಸವನ್ನೇ ಬಿಟ್ಟುಬಿಡುತ್ತವೆ. ಕುಂತಲ್ಲಿ ಉಣ್ಣಲು ಸಿಕ್ಕವರು ಹೊಲಕ್ಕೆ ಯಾಕೆ ಹೋದಾರು? ಸೋಮಾರಿಗಳದೇ ಸಂತಾನ ಬೆಳೆದು, ದುಡಿಯುವವು ಮೂಲೆ ಸೇರುತ್ತವೆ. ಅದಕ್ಕೇ ಗಡಿಗೆಯ ಕೋಣೆಗೆ ಒಬ್ಬರಿಗಷ್ಟೇ ಪ್ರವೇಶ.

ಇನ್ನೊಂದು ಕಾರಣವೂ ಇತ್ತು. ಹಿಂದೊಂದು ಕಾಲಕ್ಕೆ ಮೆಕ್ಕೆಜೋಳ, ಅಕ್ಕಿ, ಜೋಳ ಎಲ್ಲವನ್ನೂ ಎಣ್ಣೆ ಮಾಡಿ ಗಾಡಿಗಳಿಗೆ ಕುಡಿಸಿದ್ದರು. ಗಾಡಿಗಳು ಓಡಿದವು, ಕಣಜಗಳು ಬರಿದಾದವು. ಆ ಹಸಿವೆಯನ್ನು ಕಂಡ ಮೇಲೆ ಅನ್ನ ಕಾಯ್ದೆ ಬಂತು. ಎಣ್ಣೆಯ ಗಡಿಗೆಗೆ ಯಾರು ಒಂದು ಹಿಡಿ ಕಾಳು ಹಾಕಿದರೂ ಆ ಮನೆಯ ಪಡಿತರ ಚೀಟಿ ಒಂದು ವರ್ಷ ಬಂದ್. ಸೂಡಿಕೊಪ್ಪದ ಷೆಡ್ಡಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು: ನಾವು ಅನ್ನ ಮುಟ್ಟುವುದಿಲ್ಲ.

ಬರೆಸಿದವಳು ನೀಲಗಂಗಾ. ಗಡಿಗೆಯ ಕೋಣೆಗೆ ಹೋಗುವ ಆ ಒಬ್ಬಳು ಅವಳೇ.

ನೀಲಗಂಗಾ ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಿದ್ದಳು. ಸಾಕಿದವಳು ತಾಯಿಯ ಅಕ್ಕ ಫಕೀರವ್ವ. ಫಕೀರವ್ವನಿಗೆ ಹೊಲವಿಲ್ಲ, ಗಂಡನಿಲ್ಲ. ಇದ್ದದ್ದು ಒಂದು ಒಲೆ, ಒಂದು ಹೆಂಚು, ಹಿಟ್ಟು ನಾದಿ ರೊಟ್ಟಿ ಬಡಿಯುವ ಕಟ್ಟಿಗೆಯ ಹರಿವಾಣ. ಊರಿನ ನಾಲ್ಕಾರು ಹೆಂಗಸರು ಕೂಡಿ ಖಡಕ್ ರೊಟ್ಟಿ ಮಾಡಿ ಗದಗಿನ ಖಾನಾವಳಿಗಳಿಗೆ ಕಳಿಸುತ್ತಿದ್ದರು. ಆ ರೊಟ್ಟಿಯಲ್ಲೇ ನೀಲಗಂಗಾ ಶಾಲೆ ಕಲಿತಳು, ಧಾರವಾಡಕ್ಕೆ ಹೋಗಿ ಜೀವಾಣು ಸಾಕುವ ತರಬೇತಿ ಮುಗಿಸಿದಳು, ಬಿಳಿ ಕೋಟು ಹಾಕಿಕೊಂಡು ಊರಿಗೆ ಮರಳಿ ಬೇರೆ ಮನೆ, ಬೇರೆ ಪಡಿತರ ಚೀಟಿ ಮಾಡಿಕೊಂಡಳು.

ಒಲೆಗೆ ಉರುವಲು ಎಲ್ಲಿಂದ? ಅದಕ್ಕೊಂದು ರೂಢಿಯಿತ್ತು. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ನಿಂತ ಕಟ್ಟಿಗೆಯನ್ನು ಯಾರು ಕಿತ್ತರೆ ಅವರದು. ಒಡೆಯನಿಗೆ ಹೊಲ ಹಸನಾಯಿತು, ಕಿತ್ತವರಿಗೆ ವರ್ಷದ ಬೆಂಕಿಯಾಯಿತು. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ಎಣ್ಣೆಯ ಷೆಡ್ಡು ಬಂದ ಮೇಲೆ ಕಟ್ಟಿಗೆಗೆ ಬೆಲೆ ಬಂತು. ಕೀಳುವ ಯಂತ್ರ ಬಂತು. ಊರ ಸಭೆಯಲ್ಲಿ ಎದ್ದು ನಿಂತು, "ಒಂದು ಕಡ್ಡಿನೂ ಹೊಲದಾಗ ಉಳೀಬಾರದು. ಇದು ಕಸ ಅಲ್ಲ, ಎಣ್ಣಿ" ಎಂದವಳು ನೀಲಗಂಗಾ. ಜನ ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ಕುಂತಿದ್ದ ಫಕೀರವ್ವನೂ ತಟ್ಟಿದ್ದಳು. ತನ್ನ ಹುಡುಗಿ ಅಷ್ಟು ಜನರ ನಡುವೆ ತೊದಲದೆ ಮಾತಾಡಿದ್ದೇ ಅವಳಿಗೆ ದೊಡ್ಡದಾಗಿತ್ತು. ಕಟ್ಟಿಗೆಯ ಮಾತು ತಲೆಗೆ ಹೋದದ್ದು ಮನೆಗೆ ಬಂದು ಹಿತ್ತಲಿನ ಬಣವೆ ನೋಡಿದ ಮೇಲೆ.

ಷೆಡ್ಡು ನಡೆಸುವ ಊರ ಸಂಘದವರು ಮನೆಗೊಂದು ವಿದ್ಯುತ್ ಒಲೆ ಕೊಟ್ಟರು. ಒಂದು ಹೊತ್ತಿನ ಅಡುಗೆಗೆ ಅದು ಸೈ. ರೊಟ್ಟಿಯ ರಾಶಿ ಬೇಯಿಸಲು ಕುಂತರೆ ಗುಂಯ್ ಎಂದು ಆರಿಬಿಡುತ್ತಿತ್ತು. ಹೋದ ತಿಂಗಳು ರೊಟ್ಟಿ ಹೆಂಗಸರು ಷೆಡ್ಡಿಗೆ ಬಂದು, ಒಲೆಗಷ್ಟು ಕಟ್ಟಿಗೆ ಬಿಡಿ ಎಂದು ಕೇಳಿದ್ದರು. ಮುಂದೆ ನಿಂತು ಜಗಳಾಡಿದವಳು ಹುಲಿಗೆವ್ವ, ಫಕೀರವ್ವನ ಪಕ್ಕದ ಮನೆಯವಳು. ಫಕೀರವ್ವ ಎಲ್ಲರ ಹಿಂದೆ ನಿಂತಿದ್ದಳು. ನೀಲಗಂಗಾ ಕಿಟಕಿಯಿಂದಲೇ, "ಟಾಕಿಗೇ ಸಾಲಾಕತ್ತಿಲ್ಲ, ಮುಂದಿನ ಸಲ ನೋಡೂಣು" ಎಂದು ಕಳಿಸಿದ್ದಳು.

ಎಳ್ಳ ಅಮವಾಸ್ಯೆ ಬಂತು. ಆ ಕಡೆ ಅದು ಹೊಲದ ಹಬ್ಬ. ಫಲ ಹೊತ್ತ ಭೂಮಿ ಬಸುರಿ ಇದ್ದ ಹಾಗೆ. ಬಸುರಿಗೆ ಬಯಕೆ ಊಟ ಬಡಿಸಬೇಕು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಕಡುಬು, ಎಳ್ಳು ಹೋಳಿಗೆ, ಪುಂಡಿಪಲ್ಯ, ಎಲ್ಲದರಲ್ಲಿ ಒಂದೊಂದು ಚೂರು ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿ ಉಂಡ ಮೇಲೆ ತಾವು ಉಣ್ಣುತ್ತಾರೆ. ಅವತ್ತು ಊರು ಖಾಲಿಯಾಗಿತ್ತು. ಷೆಡ್ಡಿಗೆ ಮಾತ್ರ ಹಬ್ಬವಿರಲಿಲ್ಲ.

ಮಧ್ಯಾಹ್ನ ನೀಲಗಂಗಾ ಯಂತ್ರದ ಫಲಕದ ಮುಂದೆ ಕುಂತು ಟಾಕಿಗಳ ಬಿಸಿ ಸರಿಮಾಡುತ್ತಿದ್ದಳು. ಹಿಂದೆ ಸೆರಗಿನ ಸಪ್ಪಳವಾಯಿತು.

"ನೀಲಾ, ಬುತ್ತಿ ತಂದೀನಿ. ಉಣ್ಣವಾ."

"ಈಗ ಕೈ ಬಿಡುವಿಲ್ಲ ದೊಡ್ಡವ್ವ. ಅಲ್ಲೇ ಒಳಗ ಹಲಗಿ ಮ್ಯಾಲೆ ಇಟ್ಟು ಹೋಗು."

"ಒಳಗ ಅಂದ್ರ, ಆ ಗಡಿಗಿ ಖೋಲಿದಾಗ?"

"ಹೂಂ ಹೂಂ, ತೆರದೈತಿ."

"ಆರ್ತೈತಿ ನೋಡು. ಬಿಸಿ ಇದ್ದಾಗ ಉಣ್ಣು."

ನೀಲಗಂಗಾ ತಿರುಗಿ ನೋಡಲಿಲ್ಲ. ಫಕೀರವ್ವ ಒಳಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಬಂದಳು, ಹೋದಳು. ಡಬ್ಬಿ ಹಲಗೆಯ ಮೇಲೆ ಕುಂತಿತು. ಅಂದು ಸಂಜೆ ಟ್ಯಾಂಕರಿನವನ ಜೊತೆ ತಕರಾರು, ಆಮೇಲೆ ಪಂಪು ಕೆಟ್ಟಿತು. ಡಬ್ಬಿ ಕುಂತೇ ಇತ್ತು.

ಮರುದಿನ ಬೆಳಗ್ಗೆ ಎಂದಿನಂತೆ ತಾಯಿಗಡಿಗೆಯಿಂದ ಕೊಡ ತೆಗೆದು ಆರೂ ಟಾಕಿಗೆ ಹೆಪ್ಪು ಹಾಕಿದಳು. ಹೊತ್ತು ನೆತ್ತಿಗೇರುವ ಹೊತ್ತಿಗೆ ಷೆಡ್ಡಿನ ಸಪ್ಪಳ ಬದಲಾಯಿತು. ಟಾಕಿಗಳು ಉಸಿರು ಬಿಡುವ ಒಂದು ಬಗೆಯಿದೆ, ಗುಳುಗುಳು ಎಂದು ಒಂದೇ ಸಮ. ಆ ಗುಳುಗುಳು ಮೊದಲು ಜೋರಾಯಿತು, ಆಮೇಲೆ ಕುಗ್ಗಿತು, ಆಮೇಲೆ ಇಲ್ಲವೇ ಇಲ್ಲ. ನೀಲಗಂಗಾ ಮುಚ್ಚಳ ತೆಗೆದು ಮೂಗು ಚಾಚಿದಳು. ದಿನಾ ಬರುವ ತೊಯ್ದ ಕಟ್ಟಿಗೆಯ ವಾಸನೆ ಬರಲಿಲ್ಲ. ಹುಳಿ ಅಂಬಲಿಯ ವಾಸನೆ ಬಂತು.

ಯಾರೋ ಗಡಿಗೆಗೆ ಕಾಳು ಉಣ್ಣಿಸಿದ್ದಾರೆ.

ಜಿಲ್ಲಾ ಕೇಂದ್ರದಿಂದ ಇಮ್ತಿಯಾಜ್ ಮೋಟಾರ್ ಸೈಕಲ್ಲಿನ ಮೇಲೆ ಧಾವಿಸಿ ಬಂದ. ವಯಸ್ಸಿನಲ್ಲಿ ಸಣ್ಣವನು, ಹುದ್ದೆಯಲ್ಲಿ ಎಂಜಿನಿಯರು, ನೀಲಗಂಗಾಳನ್ನು ಅಕ್ಕಾರ ಎಂದೇ ಕರೆಯುವವನು. ಗಡಿಗೆಯ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ ತಲೆ ಅಲ್ಲಾಡಿಸಿದ.

"ಗಂಜಿ ಕಣ ಕಾಣಾಕತ್ತೈತಿ ಅಕ್ಕಾರ. ಬ್ಯಾರೆ ಕಡೆಯಿಂದ ಹೆಪ್ಪು ತರೂಣು ಅಂದ್ರ ಇದು ನಿಮ್ಮ ಎರಿ ಹೊಲದ ಹತ್ತಿಕಟ್ಟಿಗಿಗೆ ಪಳಗಿದ್ದು. ಇದು ಹೋದ್ರ ಷೆಡ್ಡು ಬಾಗಲಾ ಹಾಕೂದ. ಈ ಖೋಲಿಗೆ ಯಾರ ಬಂದಿದ್ರು?"

"ಯಾರೂ ಬಂದಿಲ್ಲ."

ಸುಳ್ಳು ಹೇಳಬೇಕೆಂದು ಅಂದದ್ದಲ್ಲ. ಆ ಗಾಬರಿಯಲ್ಲಿ ದೊಡ್ಡವ್ವ ಬಂದದ್ದು ಅವಳಿಗೆ 'ಯಾರೋ ಬಂದದ್ದು' ಎಂದು ಅನಿಸಲೇ ಇಲ್ಲ. ಮನೆಯವರು ಬಂದರೆ ಅದು ಬಂದಂತೆಯೇ?

"ಹಂಗಾರ ಕಳ್ಳತನದಿಂದ ಹೊಕ್ಕಾರ. ಹೋದ ತಿಂಗಳ ಜಗಳಾ ಮಾಡಿದ್ರಲ್ಲ, ಆ ರೊಟ್ಟಿ ಮಂದಿ?"

ಆ ಮಾತು ನೀಲಗಂಗಾಳ ತಲೆಗೆ ಬೆಂಕಿ ಕಡ್ಡಿ ಗೀರಿದಂತಾಯಿತು. ಬಿಳಿ ಕೋಟಿನಲ್ಲೇ ಹೊರಟಳು. ಹಿಂದೆ ಇಮ್ತಿಯಾಜ್, ಅವನ ಹಿಂದೆ ಸಂಘದ ಅಧ್ಯಕ್ಷ ಸಂಗನಗೌಡ, ಅವರ ಹಿಂದೆ ಊರಿನ ಅರ್ಧ ಜನ.

ರೊಟ್ಟಿ ಹೆಂಗಸರು ಹುಲಿಗೆವ್ವನ ಕಟ್ಟೆಯ ಮೇಲೆ ಸುಮ್ಮನೆ ಕುಂತಿದ್ದರು. ಆ ಹೊತ್ತಿಗೆ ಆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕಿತ್ತು. ಕೇಳುತ್ತಿರಲಿಲ್ಲ.

"ಏನ್ ಮೇಡಂ, ದಂಡು ಕಟಗೊಂಡು ಬಂದೀರಿ? ಒಲ್ಯಾಗಿನ ಬೂದಿನೂ ಬೇಕೇನು ಟಾಕಿಗೆ?" ಎಂದಳು ಹುಲಿಗೆವ್ವ.

"ಚಾಷ್ಟಿ ಬ್ಯಾಡ ಹುಲಿಗೆವ್ವಾ. ಗಡಿಗ್ಯಾಗ ಕಾಳು ಹಾಕಿದವರು ಯಾರು? ಹೇಳಿಬಿಡ್ರಿ. ಊರ ಹೊಟ್ಟಿಗೆ ಕಲ್ಲು ಹಾಕಿದವರು ಯಾರು?"

"ಹಾಕಾಕ ನಮ್ಮನ್ಯಾಗ ಕಾಳರ ಎಲ್ಲಿ ಉಳದಾವ? ಹಾಕೂದಿದ್ರ ನಿನ್ನ ತಲಿ ಮ್ಯಾಲೆ ಹಾಕಿರ್ತಿದ್ದೆ."

ಜನ ನಕ್ಕರು. ನಗು ನೀಲಗಂಗಾಳಿಗೆ ಚುಚ್ಚಿತು. ದನಿ ಏರಿತು. "ಹೊಟ್ಟಿಕಿಚ್ಚು ಇದು! ನಿಮಗ ನಾಕು ಕಡ್ಡಿ ಸಿಗಲಿಲ್ಲಂತ ಒಂದು ಊರಿನ ಬದುಕ ಕೆಡಸಾಕ ಹೊಂಟೀರಿ. ನಾಚಿಕಿ ಆಗಬೇಕು ನಿಮಗ!"

ಅವರ ನಡುವೆ ಕುಂತಿದ್ದ ಫಕೀರವ್ವ ಎದ್ದು ನಿಂತಳು. ಮೊಣಕಾಲು ನೋವಿನ ಮುದುಕಿ, ಕಂಬ ಹಿಡಿದು ಎದ್ದಳು.

"ನಾನ ಹಾಕೀನಿ" ಎಂದಳು.

ಆಗ ನೀಲಗಂಗಾ ಕೇಳಬೇಕಾದದ್ದು ಒಂದೇ ಮಾತು: ಯಾಕ ದೊಡ್ಡವ್ವ? ಆ ಮಾತು ಬರಲಿಲ್ಲ. ಸುತ್ತ ಜನ, ಪಕ್ಕದಲ್ಲಿ ಅಧ್ಯಕ್ಷರು, ಹಿಂದೆ ಇಮ್ತಿಯಾಜ್. ತನ್ನವಳೇ ಮಾಡಿದಳಲ್ಲ ಎಂಬ ಅವಮಾನವೇ ಮುಂದಾಯಿತು.

"ನಿನಗ ನಾ ಏನ್ ಕಡಿಮಿ ಮಾಡಿದ್ದೆ? ನನ್ನ ಮ್ಯಾಲೆ ಸಿಟ್ಟಿದ್ರ ನನ್ನ ಹೊಡೀಬೇಕಿತ್ತು. ಉಂಡ ಮನಿಗೆ ಎರಡು ಬಗದಿ ನೀನು!"

ಫಕೀರವ್ವ ಏನೋ ಹೇಳಲು ತುಟಿ ಅಲ್ಲಾಡಿಸಿದಳು. ಮತ್ತೆ ನೀಲಗಂಗಾಳ ಮುಖ ನೋಡಿದಳು, ಬಿಳಿ ಕೋಟು ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಪಕ್ಕದ ತನ್ನ ಮನೆಯೊಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ಇಮ್ತಿಯಾಜ್ ಅಲ್ಲೇ ನಿಂತು ಅನ್ನ ಕಾಯ್ದೆಯ ಅಧಿಕಾರಿಗೆ ಫೋನು ಹಚ್ಚಿದ. "ಹೆಸರು ಹೇಳ್ರಿ ಅಕ್ಕಾರ" ಎಂದು ನೀಲಗಂಗಾಳ ಕೈಗೇ ಕೊಟ್ಟ. ಅವಳು ಹೇಳಿದಳು. ಫಕೀರವ್ವ ಎನ್ನುವಾಗ ದನಿ ನಡುಗಲಿಲ್ಲ. ಆಮೇಲೆ ಎಷ್ಟೋ ದಿನ ಅವಳಿಗೆ ನೆನಪಾಗುತ್ತಿದ್ದದ್ದು ಅದೇ, ದನಿ ನಡುಗದೆ ಇದ್ದದ್ದು.

ಷೆಡ್ಡಿಗೆ ಮರಳಿ ಮದ್ದು ಶುರುಮಾಡಿದಳು. ಇದಕ್ಕೆ ಮದ್ದು ಒಂದೇ, ಉಪವಾಸ. ಗಡಿಗೆಯ ನೀರು ಸೋಸಿ, ತೊಳೆದು, ಬರೀ ಒಣ ಕಟ್ಟಿಗೆಯ ಪುಡಿ ಹಾಕಿ ಮುಚ್ಚಿಡಬೇಕು. ಸಿದ್ಧ ಊಟ ಸಿಗದೆ ಸೋಮಾರಿಗಳು ಸಾಯುತ್ತವೆ. ಮೂಲೆಯಲ್ಲಿ ಇನ್ನೂ ಉಸಿರಿದ್ದ ದುಡಿಮೆಗಾರರು ಕಟ್ಟಿಗೆ ಕಚ್ಚಿ ಹಿಡಿದರೆ ಗಡಿಗೆ ಉಳಿಯುತ್ತದೆ. ಇಲ್ಲವಾದರೆ ಇಲ್ಲ.

ಸೋಸುವ ಜಾಳಿಗೆಯಲ್ಲಿ ಏನೋ ಉಳಿಯಿತು. ನೀಲಗಂಗಾ ಬೆಳಕಿಗೆ ಹಿಡಿದಳು. ನಾಲ್ಕು ಕಪ್ಪು ಎಳ್ಳು. ಅರ್ಧ ಕರಗಿದ ಕಡುಬಿನ ಅಂಚು, ಬೆರಳಿನಿಂದ ಒತ್ತಿದ ನಿರಿಗೆ ಇನ್ನೂ ಕಾಣುತ್ತಿತ್ತು. ಪುಂಡಿ ಸೊಪ್ಪಿನ ಒಂದು ಎಳೆ.

ಕೆಡಿಸಬೇಕೆಂದವರು ಹಿಟ್ಟು ಸುರಿಯುತ್ತಾರೆ. ಎಳ್ಳು ಹೋಳಿಗೆ ಮಾಡಿ, ಕಡುಬಿಗೆ ನಿರಿಗೆ ಹಿಡಿದು, ಅದರಲ್ಲಿ ಒಂದೊಂದು ಚೂರು ಮುರಿದು ತಂದು ಹಾಕುತ್ತಾರೆಯೇ?

ಕಣ್ಣು ತಾನಾಗಿ ಹಲಗೆಯ ಮೇಲೆ ಹೋಯಿತು. ಡಬ್ಬಿ ಅಲ್ಲೇ ಇತ್ತು. ಮುಚ್ಚಳ ತೆಗೆದಳು. ಸಜ್ಜೆ ರೊಟ್ಟಿ, ಕಡುಬು, ಎಳ್ಳು ಹೋಳಿಗೆ, ಪುಂಡಿಪಲ್ಯ. ಒಂದು ಕಡುಬಿನ ತುದಿ ಮುರಿದಿತ್ತು. ಹೋಳಿಗೆಯ ಮೂಲೆ ಮುರಿದಿತ್ತು. ಮೊದಲು ಅದಕ್ಕೆ ಉಣ್ಣಿಸಿ, ಉಳಿದದ್ದನ್ನು ಇವಳಿಗೆ ಇಟ್ಟು ಹೋಗಿದ್ದಳು. ಭೂಮಿ ಉಂಡ ಮೇಲೆ ತಾವು ಉಣ್ಣಬೇಕಲ್ಲ, ಹಾಗೆ.

ನೀಲಗಂಗಾ ಜಾಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಂತಳು. ದೊಡ್ಡವ್ವನಿಗೆ ಸ್ವಂತ ಹೊಲವೆಂಬುದು ಎಂದೂ ಇರಲಿಲ್ಲ. ಯಾವ ಹೊಲದಲ್ಲಿ ಕಟ್ಟಿಗೆ ಕೀಳುತ್ತಿದ್ದಳೋ ಆ ಹೊಲದ ಮೂಲೆಗೆ ಹೋಗಿ ಚರಗ ಚೆಲ್ಲುತ್ತಿದ್ದಳು, ನೀಲಗಂಗಾಳನ್ನು ಸೊಂಟದ ಮೇಲೆ ಎತ್ತಿಕೊಂಡು. ಈಗ ಆ ಕಟ್ಟಿಗೆಯೆಲ್ಲ ಇಲ್ಲಿಗೆ ಬರುತ್ತದೆ. ಮತ್ತೆ ಚರಗ ಎಲ್ಲಿಗೆ ಬರಬೇಕು?

ಒಳಗೆ ಹೋಗು ಎಂದು ಕಳಿಸಿದವಳು ತಾನೇ. ಅದು ಈಗ ನೆನಪಾಯಿತು.

ಇಮ್ತಿಯಾಜ್ ಬಾಗಿಲಲ್ಲಿ ಇಣುಕಿದ. "ನಾಳೆ ಅಧಿಕಾರಿ ಮೇಡಂ ಬರ್ತಾರಂತ ಅಕ್ಕಾರ. ಚೀಟಿ ಜಪ್ತಿ ಮಾಡ್ತಾರ. ಜಾಳಿಗ್ಯಾಗ ಏನರ ಸಿಕ್ತೇನು?"

ಹೇಳಬಹುದಿತ್ತು. ಜಾಳಿಗೆ ಮಡಿಲಲ್ಲೇ ಇತ್ತು. ಹೇಳಿದರೆ ಬಾಗಿಲು ತೆರೆದಿಟ್ಟದ್ದು ಹೊರಬರುತ್ತದೆ, ಯಾರೂ ಬಂದಿಲ್ಲ ಎಂದದ್ದು ಹೊರಬರುತ್ತದೆ, ಬಿಳಿ ಕೋಟು ಹೋಗುತ್ತದೆ.

"ಏನಿಲ್ಲ ತಮ್ಮಾ" ಎಂದಳು. ಈ ಸಲ ಅಂದದ್ದು ಸುಳ್ಳೆಂದು ಗೊತ್ತಿದ್ದೇ ಅಂದದ್ದು.

ಇಳಿಹೊತ್ತಿಗೆ ದೊಡ್ಡವ್ವನ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಫಕೀರವ್ವ ಇರಲಿಲ್ಲ. ಒಲೆಯ ಮುಂದೆ ಕುಂತು ಕಾಯೋಣವೆಂದು ಒಳಗೆ ಹೋದವಳ ಕಣ್ಣಿಗೆ ಒಲೆಯ ಬಾಯಲ್ಲಿ ಕರಿ ತುಂಡೊಂದು ಬಿತ್ತು. ಎಳೆದಳು. ಅರ್ಧ ಸುಟ್ಟ ಹಲಗೆ. ಸುಡದೆ ಉಳಿದ ಕಡೆ ನುಣ್ಣಗೆ, ಮಧ್ಯದಲ್ಲಿ ಅಂಗೈ ಸವೆಸಿದ ತಗ್ಗು. ಆ ತಗ್ಗಿನಲ್ಲಿ ಇವಳೂ ಸಣ್ಣವಳಿದ್ದಾಗ ಹಿಟ್ಟಿನ ಗುಬ್ಬಿ ಮಾಡಿ ಆಡಿದ್ದಳು. ರೊಟ್ಟಿ ಬಡಿಯುವ ಹರಿವಾಣ ಅದು.

"ಏನ್ ನೋಡ್ತಿ?" ಹುಲಿಗೆವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ದನಿಯಲ್ಲಿ ಚಾಷ್ಟಿ ಇರಲಿಲ್ಲ. "ಚರಗದ ಅಡಿಗಿ ಬೆಂಕಿ ಮ್ಯಾಲೆ ಆಗಬೇಕು ಅಂದ್ಲು. ಕರೆಂಟಿನ ಒಲಿ ಮ್ಯಾಲೆ ಮಾಡ ಅಂದ್ವಿ, ಕೇಳಲಿಲ್ಲ. ಒಂದು ಕಡ್ಡಿ ಇಲ್ಲ ಮನ್ಯಾಗ. ಇದನ್ನ ಕೊಡ್ಲಿಲೆ ಒಡದ್ಲು. ಇನ್ನ ರೊಟ್ಟಿ ಮಾಡೂದ ಇಲ್ಲ ಅಂದ ಮ್ಯಾಲೆ ಇದ್ಯಾಕ ಬೇಕು ಅಂದ್ಲು."

"ದೊಡ್ಡವ್ವ ಎಲ್ಲಿ?"

"ನಮ್ಮನ್ಯಾಗ ಮಲಗ್ಯಾಳ. ಎಬ್ಬಸಬ್ಯಾಡ." ಹುಲಿಗೆವ್ವ ಹೋಗುತ್ತ ಹೋಗುತ್ತ ತಿರುಗಿದಳು. "ಅವಾಗ ಯಾಕ ಬಾಯಿ ಬಿಡಲಿಲ್ಲಬೇ, ಚರಗ ಅಂತ ಹೇಳಬಾರದಿತ್ತೇನು ಅಂದ್ರ ಏನಂತಾಳ ಗೊತ್ತೈತೇನು? ಒಳಗ ಹೋಗು ಅಂತ ಹೇಳಿದಾಕಿ ನಮ್ಮ ನೀಲಾನ, ಅದು ಮಂದಿಗೆ ಗೊತ್ತಾದ್ರ ಆಕಿ ನೌಕರಿಗೆ ಕುತ್ತು ಅಂತಾಳ."

ನೀಲಗಂಗಾ ಆ ಸುಟ್ಟ ತುಂಡನ್ನು ಎಲ್ಲಿಡಬೇಕೆಂದು ತಿಳಿಯದೆ ತುಂಬಾ ಹೊತ್ತು ಹಿಡಿದುಕೊಂಡೇ ಕುಂತಿದ್ದಳು. ಅಂಗೈ ಕರಿಯಾಯಿತು.

ಮರುದಿನ ಷೆಡ್ಡಿನ ಮುಂದಿನ ಬೇವಿನ ಮರದಡಿ ವಿಚಾರಣೆ. ಅನ್ನ ಕಾಯ್ದೆಯ ಅಧಿಕಾರಿ ಮುಧೋಳಕರ ಮೇಡಂ ಮೇಜು ಹಾಕಿಕೊಂಡು ಕುರ್ಚಿಯ ಮೇಲೆ, ಫಕೀರವ್ವ ಎದುರಿಗೆ ನೆಲದ ಮೇಲೆ. ಅಧಿಕಾರಿ ಕೆಟ್ಟವಳಲ್ಲ. ಚಿಕ್ಕವಳಿದ್ದಾಗ ಆ ಹಸಿವೆಯ ವರ್ಷಗಳನ್ನು ಉಂಡು ಬಂದವಳು, ಅದಕ್ಕೇ ಕಾಯ್ದೆಯನ್ನು ದೇವರಂತೆ ನಂಬಿದವಳು.

"ಅಜ್ಜಿ, ನೀವು ಕಾಳು ಹಾಕಿದ್ದು ಖರೇನ?"

"ಖರೇರಿ."

"ಯಾರರ ಹೇಳಿ ಹಾಕಿಸಿದ್ರೇನು?"

"ಇಲ್ರಿ. ನನ್ನ ಕೈ, ನನ್ನ ಬುದ್ಧಿ."

ಅಧಿಕಾರಿ ಚೀಟಿಗೆ ಕೈ ಚಾಚಿದಳು. ಫಕೀರವ್ವ ಸೊಂಟದ ಚೀಲದಿಂದ ಅದನ್ನು ತೆಗೆದು, ಸೆರಗಿನಿಂದ ಒಮ್ಮೆ ಒರೆಸಿ, ಕೊಡಲು ಹೋದಳು. ಆ ಒರೆಸಿದ್ದನ್ನು ನೋಡಿದ ನೀಲಗಂಗಾಳಿಗೆ ತಡೆಯಲಾಗಲಿಲ್ಲ.

"ತಡೀರಿ ಮೇಡಂ."

ಸಭೆಯಲ್ಲಿ ತೊದಲದೆ ಮಾತಾಡಿದ್ದ ನೀಲಗಂಗಾ ಅಂದು ತೊದಲಿದಳು. ಒಂದು ಮಾತಿಗೆ ಎರಡು ಸಲ ನಿಂತಳು. ಕೋಟಿನ ಜೇಬಿನಿಂದ ಜಾಳಿಗೆ ತೆಗೆದು ಮೇಜಿನ ಮೇಲಿಟ್ಟಳು, ಕೈಚೀಲದಲ್ಲಿದ್ದ ಡಬ್ಬಿಯನ್ನು ಪಕ್ಕದಲ್ಲಿಟ್ಟಳು. "ಇದು ಚರಗರಿ. ಕೆಡಸಾಕ ಹಾಕಿದ್ದಲ್ಲ, ಉಣಸಾಕ ಹಾಕಿದ್ದು. ಖೋಲಿ ಬಾಗಲಾ ತೆರದಿಟ್ಟಾಕಿ ನಾನು. ಒಳಗ ಹೋಗು ಅಂದಾಕಿ ನಾನು. ಹೊಳ್ಳಿ ನೋಡಲಿಲ್ಲ. ಯಾರೂ ಬಂದಿಲ್ಲಂತ ಹೇಳೀನಿ. ನಿನ್ನೆ ಇದು ಸಿಕ್ಕ ಮ್ಯಾಲೂ ಏನೂ ಸಿಕ್ಕಿಲ್ಲಂತ ಹೇಳೀನಿ."

ಇಮ್ತಿಯಾಜ್ ನೆಲ ನೋಡಿದ. ಸಂಗನಗೌಡ ಕೆಮ್ಮಿದ. "ಆತು ಬಿಡವಾ, ಇಷ್ಟಕ್ಕ ಮುಗಸೂಣು" ಎಂದ.

"ಮುಗದಿಲ್ರಿ ಗೌಡ್ರ." ಚೀಲದಿಂದ ಕರಿ ತುಂಡನ್ನೂ ತೆಗೆದು ಮೇಜಿನ ಮೇಲಿಟ್ಟಳು. "ಈ ಚರಗದ ಅಡಿಗಿಗೆ ಉರಿದದ್ದು ಇದು, ಆಕಿ ರೊಟ್ಟಿ ಬಡಿಯೂ ಹರಿವಾಣ. ಯಾಕಂದ್ರ ಒಂದು ಕಡ್ಡಿನೂ ಬಿಡಬ್ಯಾಡ್ರಿ ಅಂದಾಕಿನೂ ನಾನ. ಗ್ವಾಡಿ ಮ್ಯಾಲೆ ಬರಸೀನಿ, ಅನ್ನ ಮುಟ್ಟೂದಿಲ್ಲಂತ. ಕಾಳು ಮುಟ್ಟಿಲ್ಲ ಖರೆ. ಕಾಳಿನ ಕೆಳಗಿನ ಬೆಂಕಿ ಕಸಗೊಂಡ್ವಿ. ಹಸಿ ಹಿಟ್ಟು ತಿನ್ನಾಕ ಬರತೈತೇನ್ರಿ?"

ಅಧಿಕಾರಿ ಕರಿ ತುಂಡನ್ನು ಮುಟ್ಟಿ, ಬೆರಳು ನೋಡಿಕೊಂಡಳು.

"ನೀವು ಹೇಳೂದು ತಿಳೀತು. ಆದ್ರ ನನ್ನ ಕಾಯ್ದೆದಾಗ ಕಾಳು ಅಂತ ಐತಿ, ಒಲಿ ಅಂತ ಇಲ್ಲ. ಅದನ್ನ ನಿಮ್ಮ ಊರು ನೋಡ್ಕೋಬೇಕು." ಬೆರಳ ಮಸಿ ಒರೆಸಿಕೊಂಡು ಹೇಳಿದಳು. "ಒಳಗ ಕಳಿಸಿದ್ದು ಖೋಲಿ ಜವಾಬ್ದಾರಿ ಹೊತ್ತವರು ಅಂದ್ಮ್ಯಾಲೆ ತಪ್ಪು ಅವರದು. ಅಜ್ಜಿ, ಚೀಟಿ ಇಟಗೋರಿ. ನೀಲಗಂಗಾ ಅವರ, ನಿಮ್ಮ ಚೀಟಿ ಕೊಡ್ರಿ."

ನೀಲಗಂಗಾ ಕೊಟ್ಟಳು. ಕೋಟೂ ಕಳಚಿ ಇಮ್ತಿಯಾಜನ ಕೈಗೆ ಕೊಟ್ಟಳು. ಕೇಳಿದವರು ಯಾರೂ ಇರಲಿಲ್ಲ, ತಾನಾಗಿ ಕೊಟ್ಟಳು. ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಫಕೀರವ್ವ ಅವಳ ಕಡೆ ನೋಡದೆ, ಹುಲಿಗೆವ್ವನ ಹೆಗಲು ಹಿಡಿದು ಎದ್ದು ಹೋದಳು.

ಗಡಿಗೆ ಬದುಕಿತು. ಉಪವಾಸದಲ್ಲಿ ತುಂಬಾ ದಿನ ಸದ್ದಿಲ್ಲದೆ ಕುಂತಿದ್ದು, ಒಂದು ಬೆಳಗ್ಗೆ ಸಣ್ಣಗೆ ಗುಳುಕ್ ಎಂದಿತಂತೆ. ಇಮ್ತಿಯಾಜ್ ಓಡಿ ಬಂದು ಹೇಳಿದ. ನೀಲಗಂಗಾ ಹೂಂಗುಟ್ಟಿದಳು, ನೋಡಲು ಹೋಗಲಿಲ್ಲ. ಒಲೆಗಳಿಗೆ ಕಟ್ಟಿಗೆ ಬಿಡುವ ಮಾತು ಸಂಘದ ಸಭೆಗೆ ಎರಡು ಸಲ ಬಂತು. ಎರಡೂ ಸಲ ನೋಡೋಣ ಎಂದರು. ಗೋಡೆಯ ಮೇಲಿನ ಅಕ್ಷರಗಳು ಹಾಗೇ ಇದ್ದವು. ಆ ಹಾದಿ ಹಿಡಿದರೆ ಅವು ಕಾಣುತ್ತವೆಂದು ನೀಲಗಂಗಾ ಸುತ್ತಿ ಬಳಸಿ ಓಡಾಡುತ್ತಿದ್ದಳು.

ಹತ್ತಿ ಬಿಡಿಸಿ ಮುಗಿಯಿತು. ಕೀಳುವ ಯಂತ್ರ ಹೊಲಗಳಿಗೆ ಇಳಿಯಿತು. ಯಂತ್ರ ಎಷ್ಟು ಜಾಣವಾದರೂ ಹೊಲದ ಮೂಲೆಯಲ್ಲಿ ಹೊರಳಲು ಬರುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಹಿಡಿ ಗಿಡ ಉಳಿಯುತ್ತವೆ. ಅವನ್ನು ಕೀಳಲು ಕೂಲಿಯವರನ್ನು ಕಳಿಸಿ ಎಂದು ಹಿಂದೆ ಹೇಳಿದ್ದವಳೂ ಇವಳೇ. ಸಂಗನಗೌಡನ ಮನೆಗೆ ಹೋಗಿ, ಆ ಮೂಲೆಗಳನ್ನು ನಾನು ಕಿತ್ತುಕೊಳ್ಳಲೇ ಎಂದು ಕೇಳಿದಳು. ಗೌಡ ಒಂದು ಗಳಿಗೆ ನೋಡಿ, ಕಿತ್ತುಕೊಳ್ಳವಾ ಎಂದ.

ಎರೆ ಮಣ್ಣು ಒಣಗಿದರೆ ಬೇರನ್ನು ಕಬ್ಬಿಣದಂತೆ ಹಿಡಿಯುತ್ತದೆ. ಚಿಕ್ಕವಳಿದ್ದಾಗ ಕಿತ್ತ ಕೈ, ಈಗ ಮರೆತಿತ್ತು. ಅಂಗೈ ಸುಲಿಯಿತು. ಒಂದು ಹೊರೆಯಾಗಲು ಎಷ್ಟೋ ಹೊಲಗಳ ಮೂಲೆ ತಿರುಗಿದಳು. ಹೊರೆ ತಲೆಯ ಮೇಲಿಟ್ಟುಕೊಂಡು, ಅಂದು ಮಾತ್ರ ಸುತ್ತಿ ಬಳಸದೆ, ಷೆಡ್ಡಿನ ಮುಂದಿನ ಹಾದಿಯಲ್ಲೇ, ಗೋಡೆಯ ಅಕ್ಷರದ ಕೆಳಗೇ ನಡೆದು ಬಂದಳು. ಜನ ನಿಂತು ನೋಡಿದರು.

"ಹಾದಿ ತಪ್ಪಿದ್ರೇನು ಮೇಡಂ? ಟಾಕಿ ಹಿಂದ ಉಳೀತು" ಎಂದಳು ಹುಲಿಗೆವ್ವ ಕಟ್ಟೆಯಿಂದ. ಆದರೆ ಎದ್ದು ಬಂದು ಹೊರೆಗೆ ಕೈ ಕೊಟ್ಟು ಇಳಿಸಿದವಳೂ ಅವಳೇ.

ಫಕೀರವ್ವ ಬಾಗಿಲಿಗೆ ಬಂದು, ಒಂದು ಕಡ್ಡಿ ಎಳೆದು ಮುರಿದು ನೋಡಿದಳು.

"ಇನ್ನೂ ಹಸಿ ಅದಾವ. ಹೊಗಿ ಬರ್ತೈತಿ."

"ಒಣಗಸೂಣು ದೊಡ್ಡವ್ವ. ಬಿಸಲಾಗ ಇಟ್ಟು ಹೋಗ್ತೀನಿ."

"ಎಲ್ಲಿಗೆ ಹೋಗ್ತಿ? ಉಂಡೀಯೇನು?"

ನೀಲಗಂಗಾ ಹೊರೆಯ ಹಗ್ಗ ಬಿಚ್ಚತೊಡಗಿದಳು.

"ಚೀಟಿ ಇಲ್ಲದಾಕಿ, ಎಲ್ಲಿಂದ ಉಂಡಿರ್ತಿ. ಕುಂದ್ರು."

ಹೊಗೆ ಬಂತು, ತುಂಬಾ ಬಂತು. ಫಕೀರವ್ವ ಊದಿದಳು, ಕೆಮ್ಮಿದಳು, ಗೆದ್ದಲಿಗೂ ಬ್ಯಾಡಾದ ಕಟಗಿ ತಂದಾಳ ಎಂದು ಬೈದಳು. ಕಡೆಗೆ ಉರಿ ಹಿಡಿಯಿತು. ತನ್ನ ಚೀಟಿಯ ಜೋಳದ ಹಿಟ್ಟನ್ನು ನಾದಿದಳು. ಹರಿವಾಣವಿಲ್ಲ. ಊಟದ ಸ್ಟೀಲಿನ ತಾಟನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ರೊಟ್ಟಿ ಬಡಿದಳು. ಮೊದಲಿನ ಸಪ್ಪಳವಲ್ಲ, ಟಣಟಣ ಎನ್ನುವ ಸಪ್ಪಳ. ಓಣಿಯವರೆಲ್ಲ ಕೇಳಿಸಿಕೊಂಡರು.

ಮೊದಲ ರೊಟ್ಟಿಯ ತುದಿ ಮುರಿದು ಒಲೆಯ ಉರಿಗೆ ಹಾಕಿದಳು. ಉಳಿದದ್ದನ್ನು ನೀಲಗಂಗಾಳ ಕೈಗೆ ಕೊಟ್ಟಳು. ಎರಡನೆಯ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ರೊಟ್ಟಿ ಬಿಸಿಯಾಗಿತ್ತು. ಅದರ ಮೇಲೆ ಸುತ್ತಲೂ ಒಂದು ಗೆರೆ ಮೂಡಿತ್ತು, ತಾಟಿನ ಅಂಚಿನ ಗೆರೆ. ಹರಿವಾಣದಲ್ಲಿ ಬಡಿದ ದೊಡ್ಡವ್ವನ ರೊಟ್ಟಿಗೆ ಈ ಗೆರೆ ಎಂದೂ ಇರುತ್ತಿರಲಿಲ್ಲ. ನೀಲಗಂಗಾ ತಲೆ ತಗ್ಗಿಸಿ, ಗೆರೆಯ ಹೊರಗಿನದನ್ನು ಮೊದಲು ತಿಂದಳು. ಗೆರೆ ಬಂದಾಗ ಕೈ ನಿಂತಿತು.

"ಆರ್ತೈತಿ ನೋಡು" ಎಂದಳು ಫಕೀರವ್ವ, ತಿರುಗದೆ. "ಬಿಸಿ ಇದ್ದಾಗ ಉಣ್ಣು."

ಅದನ್ನೂ ತಿಂದಳು.